ಒಂದೇ ಕೆಂಪಿನಲ್ಲಿ ಐದು ಎಸಳು: ಜಪಾನಿ ರೇಷ್ಮೆ ಕಸೂತಿಯಲ್ಲಿ ತ್ಸುಬಾಕಿ ಹೂ

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಿಗಿಯಾಗಿ ಕಟ್ಟಿದ ರೇಷ್ಮೆ ಬಟ್ಟೆಯ ಮೇಲೆ 1 ಸೆಂ.ಮೀ. ಅಳತೆಯ ಎರಡು ಚೌಕ ಬರೆದುಕೊಳ್ಳಿ. ಎರಡನ್ನೂ ಹುರಿ ಹಾಕದ ಒಂದೇ ಕೆಂಪು ರೇಷ್ಮೆಯಿಂದ ತುಂಬಿ. ಒಂದರಲ್ಲಿ ಹೊಲಿಗೆ ಅಡ್ಡಡ್ಡ ಬರಲಿ, ಇನ್ನೊಂದರಲ್ಲಿ ಉದ್ದುದ್ದ. ಕಿಟಕಿಗೆ ಎದುರಾಗಿ ಕೂತು ನೋಡಿದರೆ ಅಡ್ಡ ಹೊಲಿಗೆಯ ಚೌಕ ಆಗಷ್ಟೇ ಅರಳಿದ ದಾಸವಾಳದ ಹಾಗೆ ಹೊಳೆಯುತ್ತದೆ, ಉದ್ದ ಹೊಲಿಗೆಯದು ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪಾಗಿ ಕಾಣುತ್ತದೆ. ಈಗ ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿ. ಎರಡು ಬಣ್ಣಗಳೂ ಜಾಗ ಅದಲುಬದಲು ಮಾಡಿಕೊಂಡಿರುತ್ತವೆ.

ನಿಹೊನ್ ಶಿಶೂ, ಅಂದರೆ ಜಪಾನಿ ರೇಷ್ಮೆ ಕಸೂತಿಯಲ್ಲಿ ಹೂವಿಗೆ ಜೀವ ಬರುವುದು ಇಲ್ಲಿಂದಲೇ. ಕಸೂತಿಯ ಹೂ ನಿಜದ ಹೂವಿನಂತೆ ಕಾಣಬೇಕೆಂದರೆ ಮೂವತ್ತು ಬಗೆಯ ಕೆಂಪು ದಾರ ಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮೂರು ಸಾಕು. ಉಳಿದ ಕೆಲಸವನ್ನು ಎಳೆ ಮಲಗಿದ ದಿಕ್ಕು ಮಾಡುತ್ತದೆ. ದಿಕ್ಕು ತಪ್ಪಿದರೆ ಮೂವತ್ತು ಬಣ್ಣ ಇದ್ದರೂ ಹೂ ಕಾಗದಕ್ಕೆ ಅಂಟಿಸಿದಂತೆ ಚಪ್ಪಟೆಯಾಗಿಯೇ ಇರುತ್ತದೆ.

ಉದಾಹರಣೆಗೆ ತ್ಸುಬಾಕಿ ಹೂವನ್ನೇ ತೆಗೆದುಕೊಳ್ಳೋಣ. ಜಪಾನಿನ ಕಾಡುಗಳಲ್ಲಿ ಬೆಳೆಯುವ ಕಮೀಲಿಯಾ ಇದು, ಚಹಾ ಗಿಡದ ಹತ್ತಿರದ ನಂಟ. ಚಿಕ್ಕಮಗಳೂರಿನ ಕಡೆ ಚಹಾ ಹೂ ನೋಡಿದವರಿಗೆ ನಡುವಿನ ಹಳದಿ ಕೇಸರದ ಗೊಂಚಲು ನೆನಪಾದೀತು. ತ್ಸುಬಾಕಿಯಲ್ಲಿ ಅದೇ ಕೇಸರ ಬುಡದಲ್ಲಿ ಒಂದಕ್ಕೊಂದು ಕೂಡಿ ಬಿಳಿ ಕೊಳವೆಯಂತೆ ನಿಂತಿರುತ್ತದೆ, ತುದಿಯಲ್ಲಷ್ಟೇ ಹಳದಿ. ಸುತ್ತ ಐದಾರು ದಪ್ಪ ಕೆಂಪು ಎಸಳು. ಅವು ಪೂರ್ತಿ ಬಿಚ್ಚಿಕೊಳ್ಳದೆ ಬಟ್ಟಲಿನಂತೆ ಅರ್ಧ ಮುಚ್ಚಿರುತ್ತವೆ. ಎಲೆ ದಪ್ಪ, ಎಣ್ಣೆ ಸವರಿದಂತೆ ಮಿರುಗುತ್ತದೆ. ಮಿರುಗುವ ಎಲೆ, ಬಟ್ಟಲಿನಂಥ ಎಸಳು, ಕಡ್ಡಿಯಂಥ ಕೇಸರ: ಮೂರಕ್ಕೂ ಮೂರು ಬೇರೆ ವಿಧಾನ ಬೇಕು. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೂ ಇಲ್ಲ.

ದಾರದ ವಿಚಾರ

ಈ ಕಸೂತಿಯ ದಾರಕ್ಕೆ ಹಿರಾ-ಇತೊ ಎನ್ನುತ್ತಾರೆ, ಚಪ್ಪಟೆ ದಾರ ಎಂದರ್ಥ. ಗೂಡಿನಿಂದ ನೂಲು ಬಿಚ್ಚಿ, ಕುದಿಸಿ, ಅಂಟು ತೆಗೆದು, ಬಣ್ಣ ಹಾಕುತ್ತಾರೆ, ಆದರೆ ಹುರಿ ಮಾತ್ರ ಹಾಕುವುದಿಲ್ಲ. ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಈ ಅಂಟೇ ಇರುತ್ತದೆ. ಅದು ಹೋದ ಮೇಲೆ ಉಳಿಯುವ ತಂತುವಿನ ಅಡ್ಡಕೊಯ್ತ ಹೆಚ್ಚುಕಡಿಮೆ ತ್ರಿಕೋನ. ಅದರ ನಯವಾದ ಮೈ ಬೆಳಕನ್ನು ಕನ್ನಡಿಯಂತೆ ಒಂದೇ ಕಡೆ ಎಸೆಯುತ್ತದೆ. ಹುರಿ ಹಾಕಿದೊಡನೆ ಪ್ರತಿ ತಂತುವೂ ಸುರುಳಿಯಾಗಿ ಬೆಳಕನ್ನು ನಾನಾ ದಿಕ್ಕಿಗೆ ಚೆದುರಿಸುತ್ತದೆ, ಹೊಳಪು ಸೌಮ್ಯವಾಗುತ್ತದೆ. ಹುರಿಯಿಲ್ಲದೆ ಒಟ್ಟಿಗೆ ಮಲಗಿದ ತಂತುಗಳು ಒಂದೇ ಮಾತಿನಂತೆ ಹೊಳೆಯುತ್ತವೆ. ಬೆಳಕು ಎದುರಿನಿಂದ ನಿಮ್ಮ ಕಡೆ ಬರುತ್ತಿದ್ದರೆ ಅದಕ್ಕೆ ಅಡ್ಡವಾಗಿ ಮಲಗಿದ ಎಳೆ ಹೊಳೆಯುತ್ತದೆ, ಅದರ ಗುಂಟ ಮಲಗಿದ್ದು ಮಂಕಾಗುತ್ತದೆ. ಮೇಲಿನ ಎರಡು ಚೌಕಗಳ ಗುಟ್ಟು ಇಷ್ಟೇ.

ಒಂದು ಹಿರಾ-ಇತೊ ಬಿಡಿಸಿದರೆ ಸಾಮಾನ್ಯವಾಗಿ 12 ಸಣ್ಣ ಎಳೆ ಸಿಗುತ್ತವೆ. ಅವುಗಳ ಹೆಸರು ಸುಗಾ. ಒಂದು ಸುಗಾ ಬೆರಳಿಗೆ ಸಿಕ್ಕರೂ ಸಿಕ್ಕಿತೆಂದು ಗೊತ್ತಾಗುವುದಿಲ್ಲ, ಅಷ್ಟು ಸಣ್ಣ. ಎಷ್ಟು ಸುಗಾ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ದಾರದ ದಪ್ಪ ನಿಲ್ಲುತ್ತದೆ. ಎಲೆಗೆ ಪೂರ್ತಿ 12, ಎಸಳಿನ ಮೈಗೆ 6, ನೆರಳು ಬೆಳಕು ಕೂಡುವ ಸೂಕ್ಷ್ಮ ಜಾಗಕ್ಕೆ 3 ಅಥವಾ 4.

ಬಣ್ಣ ಬೆರೆಸುವುದೂ ಸುಗಾ ಲೆಕ್ಕದಲ್ಲೇ. ತಿಳಿಗೆಂಪು, ನಡುಗೆಂಪು, ನೇರಳೆ ಛಾಯೆಯ ಕಡುಗೆಂಪು ಎಂಬ ಮೂರು ದಾರ ಇವೆ ಎನ್ನಿ. ಮೊದಲೆರಡನ್ನು 8ಕ್ಕೆ 4, 6ಕ್ಕೆ 6, 4ಕ್ಕೆ 8 ಎಂದು ಕೂಡಿಸಿದರೆ ನಡುವೆ ಮೂರು ಮೆಟ್ಟಿಲು. ಮುಂದಿನ ಜೋಡಿಗೂ ಹಾಗೇ ಮಾಡಿದರೆ ಒಟ್ಟು 9 ಛಾಯೆ. ಆದರೆ ಹುರಿಯಿಲ್ಲದ ದಾರದಲ್ಲಿ ಎರಡು ಬಣ್ಣ ಪೂರ್ತಿ ಬೆರೆಯುವುದಿಲ್ಲ, ಸಣ್ಣ ಗೆರೆಗಳಾಗಿ ಉಳಿಯುತ್ತವೆ. ಎಸಳಿನ ನರಗಳ ಹಾಗೆ ಕಾಣುವುದರಿಂದ ಹೂವಿಗೆ ಇದು ಚೆನ್ನ. ಆಕಾಶ, ನೀರಿನಂಥ ನುಣುಪು ಜಾಗಕ್ಕೆ ಒಗ್ಗುವುದಿಲ್ಲ. ನೆರಳಿಗೆ ಕಪ್ಪು ಮಾತ್ರ ಬೆರೆಸಬೇಡಿ. ಕೆಂಪಿನ ಜೊತೆ ಕಪ್ಪು ಸೇರಿದರೆ ಎಸಳು ಕೊಳೆತಂತೆ ಕಾಣುತ್ತದೆ.

ನಮ್ಮ ಅಂಗಡಿಗಳಲ್ಲಿ ಆರಿ ವರ್ಕ್‌ಗೆ, ಬಳೆಗೆ ಸುತ್ತುವುದಕ್ಕೆ ‘ಸಿಲ್ಕ್ ಥ್ರೆಡ್’ ಎಂದು ಮಾರುವ ರೀಲುಗಳಲ್ಲಿ ಬಹಳಷ್ಟು ರೇಷ್ಮೆಯೇ ಅಲ್ಲ. ಒಂದು ಚೂರು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ರೇಷ್ಮೆ. ಕಾಗದದ ವಾಸನೆ ಬಂದರೆ ವಿಸ್ಕೋಸ್, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ನಿಜವಾದ ರೇಷ್ಮೆ ದಾರ ಸಿಕ್ಕರೂ ಅದಕ್ಕೆ ಹುರಿ ಇರುತ್ತದೆ. ರಾಮನಗರಕ್ಕೆ ಬರುವ ಬಿಳಿ ದ್ವಿತಳಿ ಗೂಡಿನ ಎಳೆ ಇದಕ್ಕೆ ಬೇಕಾದಷ್ಟು ಉದ್ದ, ಬೇಕಾದಷ್ಟು ನಯ. ಆ ದ್ವಿತಳಿಯ ಬೆಳವಣಿಗೆಯಲ್ಲಿ 1991ರಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಸ್ಥೆಗೆ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾದ ನೆರವೂ ಇತ್ತು. ಆದರೆ ಇಲ್ಲಿಯ ನೂಲು ಹೋಗುವುದು ಮಗ್ಗಕ್ಕೆ, ಹಾಗಾಗಿ ಹುರಿ ಹಾಕಿಯೇ ಹೋಗುತ್ತದೆ. ಸದ್ಯಕ್ಕೆ ಜಪಾನಿನಿಂದ ತರಿಸುವುದೇ ದಾರಿ. ಕಲಿಕೆಗಾದರೆ ಚೀನಾದ ಸೂಝೌ ಕಸೂತಿಯ ದಾರವೂ ನಡೆಯುತ್ತದೆ.

ಬಟ್ಟೆ, ಚೌಕಟ್ಟು, ಸೂಜಿ

ಬಟ್ಟೆ ಒತ್ತಾಗಿ ನೇಯ್ದ ದಪ್ಪ ರೇಷ್ಮೆಯಾಗಿರಲಿ, ಸ್ಯಾಟಿನ್ ಆದರೂ ಸರಿ. ಮೈಸೂರು ಕ್ರೇಪಿನಂಥದ್ದು ಉಡಲು ಎಷ್ಟು ಚಂದವೋ ಇದಕ್ಕೆ ಅಷ್ಟೇ ಕಷ್ಟ. ಅದರ ನೂಲಿನಲ್ಲಿ ಹುರಿ ಜಾಸ್ತಿ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಹಿಗ್ಗಿದಾಗ ಹಾಕಿದ ಹೊಲಿಗೆ ಕುಗ್ಗಿದಾಗ ಸಡಿಲಾಗಿ ಮೇಲೆ ಎದ್ದು ನಿಲ್ಲುತ್ತದೆ. ಡುಪಿಯಾನ್ ಕೂಡ ಬೇಡ, ಅದರ ಗಂಟುಗಂಟು ನೂಲು ಸೂಜಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅಂಚು ಹಲ್ಲುಹಲ್ಲಾಗುತ್ತದೆ.

ಚೌಕಟ್ಟು ಮರದ್ದು, ನಾಲ್ಕು ಕಡೆಯಿಂದಲೂ ಎಳೆದು ಕಟ್ಟುವಂಥದ್ದು. ಎರಡು ಕಡೆ ಮರದ ಆಸರೆ ಕಾಲುಗಳ ಮೇಲೆ ಮಂಚದಂತೆ ಮಲಗಿರುತ್ತದೆ. ಊರಲ್ಲಿ ಬ್ಲೌಸಿಗೆ ಆರಿ ವರ್ಕ್ ಮಾಡುವವರ ಚೌಕಟ್ಟಿನಲ್ಲೇ ಕೆಲಸ ಆಗುತ್ತದೆ. ಬಟ್ಟೆಯ ನೇಯ್ಗೆ ಗೆರೆ ಚೌಕಟ್ಟಿಗೆ ನೇರವಾಗಿರಬೇಕು, ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು ಬರಬೇಕು. ದುಂಡು ಫ್ರೇಮ್ ಬಳಸಬೇಡಿ. ಅದರ ಬಳೆ ಹುರಿಯಿಲ್ಲದ ಹೊಲಿಗೆಯ ಮೇಲೆ ಒತ್ತಿದ ಗುರುತು ಅಳಿಸುವುದೇ ಇಲ್ಲ. ದುಂಡು ಫ್ರೇಮ್ ಹಿಡಿಯುವುದಕ್ಕೇ ಒಂದು ಕೈ ಹೋಗುತ್ತದೆ, ಈ ಕೆಲಸಕ್ಕೆ ಎರಡೂ ಕೈ ಬೇಕು: ಒಂದು ಬಟ್ಟೆಯ ಮೇಲೆ, ಇನ್ನೊಂದು ಕೆಳಗೆ.

ಹಿರೋಶಿಮಾ ಸೂಜಿಗೆ ಹೆಸರಾದ ಊರು. ಕೈಯಲ್ಲಿ ಮಾಡಿದ ಸೂಜಿಯ ಕಣ್ಣಿನ ಸುತ್ತ ತುಸು ಚಪ್ಪಟೆಯಾಗಿದ್ದು, ಎಳೆ ಕಚ್ಚಿಕೊಳ್ಳದೆ ಜಾರುತ್ತದೆ. ಅದು ಸಿಗದಿದ್ದರೆ 10 ಅಥವಾ 12ನೇ ನಂಬರಿನ ಸಣ್ಣ ಸೂಜಿ ತೆಗೆದುಕೊಂಡು, ಕಣ್ಣಿನೊಳಗೆ ಒರಟಿದೆಯೇ ಎಂದು ಒಂದು ಸುಗಾ ಎಳೆದು ಪರೀಕ್ಷಿಸಿ. ಎಳೆ ಜುಂಗು ಜುಂಗಾಗಿ ಬಂದರೆ ಆ ಸೂಜಿ ಪಕ್ಕಕ್ಕಿಡಿ.

ಇದೆಲ್ಲಕ್ಕಿಂತ ಮೊದಲು ನಿಮ್ಮ ಕೈ. ಒಡೆದ ಬೆರಳು, ಒರಟು ಉಗುರು ರೇಷ್ಮೆಯನ್ನು ಹಿಡಿದು ಹರಿಯುತ್ತವೆ. ಹಿಂದಿನ ರಾತ್ರಿ ಸಕ್ಕರೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಕೈ ಉಜ್ಜಿ, ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಕೆಲಸಕ್ಕೆ ಕೂರುವಾಗ ಎಣ್ಣೆಯ ಸೋಂಕೂ ಇರಬಾರದು.

ಎಸಳು ಹೊಲಿಯುವ ಬಗೆ

ಹೂವಿನ ಗೆರೆಚಿತ್ರ ಬಟ್ಟೆಗೆ ಇಳಿಸಿದ ಮೇಲೆ ಸೂಜಿ ಮುಟ್ಟುವ ಮುಂಚೆ ಇನ್ನೊಂದು ಚಿತ್ರ ಬರೆಯಬೇಕು, ಕಾಗದದ ಮೇಲೆ. ಅದರಲ್ಲಿ ಬಣ್ಣ ಇರುವುದಿಲ್ಲ, ಬಾಣದ ಗುರುತುಗಳಷ್ಟೇ. ಪ್ರತಿ ಎಸಳಿನಲ್ಲೂ ಎಳೆ ಎತ್ತ ಹೋಗಬೇಕೆಂದು ಏಳೆಂಟು ಬಾಣ ಹಾಕಿಕೊಳ್ಳಿ. ಎಲ್ಲ ಬಾಣವೂ ಎಸಳಿನ ಅಂಚಿನಿಂದ ಹೊರಟು ಅದರ ಬುಡದ ಒಂದೇ ಬಿಂದುವಿನ ಕಡೆ ತಿರುಗಿರಲಿ. ನಮಗೆ ಕಾಣದಂತೆ ಕೇಸರದ ಹಿಂದೆ ಬುಡ ಅಡಗಿದ್ದರೂ ಅದು ಎಲ್ಲಿದೆ ಎಂದು ಗೊತ್ತಿರಬೇಕು. ಒರಗಿದ ಎಸಳಿನಲ್ಲಿ ಬಾಣ ಬಾಗುತ್ತದೆ, ಮಡಿಚಿದ ಅಂಚಿನಲ್ಲಿ ದಿಕ್ಕು ಥಟ್ಟನೆ ಬದಲಾಗುತ್ತದೆ. ಈ ಕಾಗದಕ್ಕೆ ಒಂದು ಗಂಟೆ ಕೊಟ್ಟರೆ ಹತ್ತು ಗಂಟೆ ಬಿಚ್ಚುವ ಕೆಲಸ ತಪ್ಪುತ್ತದೆ.

ಯಾವ ಎಸಳು ಮೊದಲು? ಮುಂದಿರುವುದೇ ಮೊದಲು. ಹಿಂದಿನದನ್ನು ಹೊಲಿದು ಮುಂದಿನದನ್ನು ಅದರ ಮೇಲೆ ಹೇರುವ ಅಭ್ಯಾಸ ಇದ್ದವರಿಗೆ ಇದು ಉಲ್ಟಾ ಅನ್ನಿಸೀತು. ಮುಂದಿನ ಎಸಳಿನ ಅಂಚು ಬರಿಯ ಬಟ್ಟೆಯ ಮೇಲೆ ಬಿದ್ದರೆ ಚಾಕುವಿನಲ್ಲಿ ಕತ್ತರಿಸಿದಷ್ಟು ಚೂಪಾಗಿ ಬರುತ್ತದೆ. ಹಿಂದಿನ ಎಸಳನ್ನು ಆಮೇಲೆ ತಂದು ಅದರ ಪಕ್ಕ ಕೂದಲೆಳೆಯಷ್ಟು ಸಂದು ಬಿಟ್ಟು ನಿಲ್ಲಿಸುತ್ತೇವೆ. ಆ ಸಂದಿನ ನೆರಳೇ ಒಂದು ಎಸಳನ್ನು ಇನ್ನೊಂದರಿಂದ ಬಿಡಿಸಿ ತೋರಿಸುತ್ತದೆ.

ಬಳಸುವ ಹೊಲಿಗೆಯ ಹೆಸರು ಸಾಶಿ-ನುಯಿ. ಮೊದಲ ಸಾಲು ಎಸಳಿನ ಹೊರ ಅಂಚಿನಲ್ಲಿ. ಒಂದು ಹೊಲಿಗೆ ಸುಮಾರು 7 ಮಿ.ಮೀ. ಇದ್ದರೆ ಪಕ್ಕದ್ದು 4 ಮಿ.ಮೀ. ಹೊರ ತುದಿ ಎಲ್ಲವಕ್ಕೂ ಒಂದೇ ಗೆರೆ, ಒಳ ತುದಿ ಏರುಪೇರು. ಎರಡನೇ ಸಾಲು ಈ ಏರುಪೇರಿನ ನಡುವೆ ಸೇರಿಕೊಂಡು ಬುಡದ ಕಡೆ ಇಳಿಯುತ್ತದೆ. ಹೊಸ ಛಾಯೆ ಬರುವುದೂ ಈ ಸಾಲಿನಲ್ಲೇ. ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಲೆಕ್ಕ ಹಿಡಿದು ಹೊಲಿದರೆ ಗರಗಸದ ಹಲ್ಲಿನ ಗೆರೆ ಎದ್ದು ಬರುತ್ತದೆ, ಅದಕ್ಕೇ ಅಳತೆಯನ್ನು ಬೇಕೆಂದೇ ತಪ್ಪಿಸುತ್ತ ಹೋಗಿ. ಸೂಜಿ ಯಾವಾಗಲೂ ಎರಡು ಎಳೆಗಳ ನಡುವೆ ನುಗ್ಗಲಿ. ಎಳೆಯನ್ನೇ ಚುಚ್ಚಿದರೆ ತಂತು ತುಂಡಾಗಿ ಮೇಲೆ ಜುಂಗು ಏಳುತ್ತದೆ.

ಹೊಲಿಗೆ ನೇರ, ಎಸಳು ಬಾಗು. ಹಾಗಾದರೆ ಎಳೆಯನ್ನು ತಿರುಗಿಸುವುದು ಹೇಗೆ? ಪ್ರತಿ ಹೊಲಿಗೆಯ ಹೊರ ತುದಿಯನ್ನು ಹಿಂದಿನದರಿಂದ ತುಸು ಹೆಚ್ಚು ಸರಿಸಿ, ಒಳ ತುದಿಯನ್ನು ತುಸು ಕಡಿಮೆ. ಬುಡದ ಕಡೆ ಜಾಗ ಸಾಲದಾದಾಗ ಒಂದು ಗಿಡ್ಡ ಹೊಲಿಗೆ ಹಾಕಿ ಅದರ ತುದಿಯನ್ನು ಪಕ್ಕದ ಎಳೆಯ ಅಡಿ ಮುಚ್ಚಿ. ಹೀಗೆ ನಾಲ್ಕೈದು ಹೊಲಿಗೆಗೊಂದರಂತೆ ಬೆಣೆ ಸೇರಿಸುತ್ತ ಹೋದರೆ ಬೆಳಕು ಎಸಳಿನ ಮೇಲೆ ನೀರಿನಂತೆ ಜಾರುತ್ತದೆ. ಅವಸರದಲ್ಲಿ ಒಂದೇ ಸಲ ಹತ್ತು ಡಿಗ್ರಿ ತಿರುಗಿಸಿದಿರೋ, ಅಲ್ಲಿ ಮಿಂಚಿನ ಗೆರೆಯೊಂದು ಎಸಳನ್ನು ಸೀಳಿ ನಿಲ್ಲುತ್ತದೆ. ಬಣ್ಣ ಬದಲಿಸಿ ಅದನ್ನು ಮುಚ್ಚಲಾಗದು. ಬಿಚ್ಚಿ ಮತ್ತೆ ಹೊಲಿಯಬೇಕು.

ಪ್ರತಿ ಹೊಲಿಗೆಯಲ್ಲೂ ಮಾಡಬೇಕಾದ ಒಂದು ಕೆಲಸವಿದೆ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ತೆಕೊಬಾರಿ ಎಂಬ ದಬ್ಬಣದಂಥ ಮೊಂಡು ಉಪಕರಣದಿಂದ ಎಳೆಯನ್ನು ನೇವರಿಸುವುದು. ಸೂಜಿ ಕೆಳಗಿಳಿದ ಮೇಲೆ ದಾರ ಪೂರ್ತಿ ಎಳೆಯಬೇಡಿ, ಮೇಲೆ ಸ್ವಲ್ಪ ಬಳೆಯಾಗಿ ಉಳಿಸಿಕೊಳ್ಳಿ. ತೆಕೊಬಾರಿಯ ನಯವಾದ ಮೈಯನ್ನು ಆ ಬಳೆಯೊಳಗೆ ಇಟ್ಟು, ಎಳೆ ಎದ್ದು ಬಂದ ತೂತಿನಿಂದ ಇಳಿಯುವ ತೂತಿನ ಕಡೆಗೆ ಮೆಲ್ಲಗೆ ಸವರಿ. ಆರು ಸುಗಾ ಬಾಚಿದ ಕೂದಲಿನಂತೆ ಒಂದರ ಪಕ್ಕ ಒಂದು ಮಲಗುವುದು ಕಣ್ಣಿಗೇ ಕಾಣುತ್ತದೆ. ಆಗ ಕೆಳಗಿನ ಕೈ ದಾರ ಎಳೆಯಲಿ, ಕೊನೆಯ ಗಳಿಗೆಯಲ್ಲಿ ತೆಕೊಬಾರಿ ಜಾರಿಸಿ ತೆಗೆಯಿರಿ. ಒಂದೇ ಒಂದು ಮುರಿ ಒಳಗುಳಿದರೂ ಆ ಜಾಗದಲ್ಲಿ ಕಪ್ಪು ಗೆರೆ ಕಾಣುತ್ತದೆ. ಹೊಲಿಯುತ್ತ ಹೋದಂತೆ ದಾರಕ್ಕೆ ತಾನಾಗಿಯೇ ಮುರಿ ಏರುವುದರಿಂದ ಐದಾರು ಹೊಲಿಗೆಗೊಮ್ಮೆ ಸೂಜಿಯನ್ನು ತೂಗುಬಿಡಿ, ಅದೇ ತಿರುಗಿ ಬಿಚ್ಚಿಕೊಳ್ಳುತ್ತದೆ. ದಾರದ ಉದ್ದ 50 ಸೆಂ.ಮೀ. ದಾಟದಿರಲಿ, ಉದ್ದ ಹೆಚ್ಚಾದಷ್ಟೂ ಪ್ರತಿ ಎಳೆ ಬಟ್ಟೆಯ ತೂತಿನಲ್ಲಿ ಹೆಚ್ಚು ಸಲ ಉಜ್ಜಿ ಜುಂಗಾಗುತ್ತದೆ.

ಮುಂದಿನ ಎಸಳಿನ ತುಟಿ ಹೊರಗೆ ಮಡಿಚಿರುತ್ತದಲ್ಲ, ಅದಕ್ಕೆ ಅಡಿಯಲ್ಲಿ ಮೆತ್ತೆ ಬೇಕು. ಹತ್ತಿದಾರವನ್ನು ಮಡಿಕೆಯ ಗುಂಟ ಮೂರು ನಾಲ್ಕು ಸಾಲು ಹೊಲಿದು, ಅದರ ಮೇಲೆ ರೇಷ್ಮೆಯನ್ನು ಅಡ್ಡವಾಗಿ ಹಾಯಿಸಿ. ಎರಡೂ ಒಂದೇ ದಿಕ್ಕಿಗೆ ಹೋದರೆ ಮೇಲಿನದು ಕೆಳಗಿನದರ ಸಂದಿಗೆ ಇಳಿದು ಕಾಣೆಯಾಗುತ್ತದೆ. ಮೆತ್ತೆ ದಪ್ಪ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಅರ್ಧ ಮಿಲಿಮೀಟರ್ ಎತ್ತರ ಸಾಕು.

ಕೇಸರ ಮತ್ತು ಎಲೆ

ಎಸಳೆಲ್ಲ ಮುಗಿದ ಮೇಲೆ ಕೇಸರ ಅವುಗಳ ಮೇಲೆ ಬರುತ್ತದೆ. ಇದಕ್ಕೆ ಹುರಿ ಹಾಕಿದ ದಾರವೇ ಬೇಕು. ನಿಜದ ಕೇಸರ ಎಸಳಿನಂತೆ ಮಿರುಗುವುದಿಲ್ಲ, ಕಸೂತಿಯಲ್ಲೂ ಆ ವ್ಯತ್ಯಾಸ ಕಾಣಬೇಕು. ನಾಲ್ಕು ಬಿಳಿ ಸುಗಾ ತೆಗೆದು ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ, ಎರಡೆರಡಾಗಿ ಬಿಡಿಸಿ. ದೇವರ ದೀಪಕ್ಕೆ ಬತ್ತಿ ಹೊಸೆಯುವ ಹಾಗೆ ಅಂಗೈಗಳ ನಡುವೆ ಎರಡನ್ನೂ ಒಂದೇ ದಿಕ್ಕಿಗೆ ಹೊಸೆಯಿರಿ. ಆಮೇಲೆ ಎರಡನ್ನೂ ಕೂಡಿಸಿ ವಿರುದ್ಧ ದಿಕ್ಕಿಗೆ ಹೊಸೆಯಿರಿ. ಒಂದು ಹುರಿ ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ. ಸಡಿಲ ಬಿಟ್ಟಾಗ ದಾರ ತನ್ನ ಮೈಗೇ ಸುತ್ತಿಕೊಂಡರೆ ಹುರಿ ಸಮತೂಕದಲ್ಲಿಲ್ಲ, ಯಾವ ಕಡೆ ತಿರುಗುತ್ತದೋ ಆ ಕಡೆಗೆ ನಾಲ್ಕು ಸುತ್ತು ಬಿಟ್ಟುಕೊಡಿ. ಸುಮ್ಮನೆ ಜೋತುಬಿದ್ದರೆ ಸರಿಯಾಗಿದೆ.

ಬಿಳಿ ಕಡ್ಡಿಗಳು ಬುಡದಲ್ಲಿ ಒತ್ತಾಗಿ ಹೊರಟು ತುದಿಯಲ್ಲಿ ತುಸುವೇ ಬಿಚ್ಚಿಕೊಳ್ಳಲಿ. ತುದಿಗೆ ಸಾಗಾರಾ-ನುಯಿ, ಅಂದರೆ ಗಂಟು ಹೊಲಿಗೆ. ಹಳದಿಯಲ್ಲಿ ಎರಡು ಛಾಯೆ ಇರಲಿ, ನೆರಳಿನ ಕಡೆ ಅರಿಸಿನ, ಬೆಳಕಿನ ಕಡೆ ನಿಂಬೆ. ಗಂಟು ದೊಡ್ಡದು ಬೇಕೆಂದರೆ ಸುತ್ತು ಹೆಚ್ಚಿಸದೆ ದಾರವನ್ನೇ ದಪ್ಪ ಮಾಡಿಕೊಳ್ಳಿ. ಹೆಚ್ಚು ಸುತ್ತಿದ ಗಂಟು ವಾಲಿ ಬೀಳುತ್ತದೆ. ಸಾಲಾಗಿ ಗಂಟು ಹಾಕಿದರೆ ಮಣಿ ಪೋಣಿಸಿದಂತಾಗುತ್ತದೆ, ಎರಡು ಮೂರು ಒತ್ತಾಗಿ, ಒಂದು ದೂರ, ಒಂದು ಅರ್ಧ ಮರೆಯಾಗಿ ಬರಲಿ.

ಎಲೆಗೆ 12 ಸುಗಾದ ಪೂರ್ತಿ ದಾರ, ವಾರಿ-ನುಯಿ ಹೊಲಿಗೆ. ನಡುನರದ ಎರಡೂ ಪಕ್ಕದಿಂದ ಹೊಲಿಗೆಗಳು ಓರೆಯಾಗಿ ಬಂದು ನರದಲ್ಲಿ ಸೇರುತ್ತವೆ. ಎರಡೂ ಅರ್ಧಕ್ಕೆ ಒಂದೇ ಹಸಿರು ಹಾಕಿ. ದಿಕ್ಕು ಬೇರೆಯಾದ್ದರಿಂದ ಒಂದು ಪಕ್ಕ ಬೆಳಗುತ್ತದೆ, ಇನ್ನೊಂದು ನೆರಳಿಗೆ ಸರಿಯುತ್ತದೆ. ನಿಜದ ತ್ಸುಬಾಕಿ ಎಲೆ ಮಾಡುವುದೂ ಇದನ್ನೇ. ನರದ ಮೇಲೆ ಹುರಿ ಹಾಕಿದ ಸಣ್ಣ ದಾರವೊಂದನ್ನು ಮಲಗಿಸಿ ಅಲ್ಲಲ್ಲಿ ಕಟ್ಟು ಹೊಲಿಗೆ ಹಾಕಿದರೆ ಆಯಿತು.

ನೈಜತೆಯ ಈ ಹಟ ಜಪಾನಿನಲ್ಲೂ ಮೊದಲಿನಿಂದ ಇದ್ದದ್ದಲ್ಲ. ನಾರಾ ಬಳಿಯ ಚೂಗೂಜಿ ಎಂಬ ಬೌದ್ಧ ಮಂದಿರದಲ್ಲಿ ಉಳಿದಿರುವ ಅತಿ ಹಳೆಯ ಕಸೂತಿಯ ತುಣುಕುಗಳು 622ರಲ್ಲಿ ತೀರಿಕೊಂಡ ರಾಜಕುಮಾರ ಶೋತೊಕುವಿನ ನೆನಪಿಗೆ ಮಾಡಿಸಿದವು. ಅವು ಹುರಿ ದಾರದಿಂದ ತುಂಬಿದ ಆಕೃತಿಗಳು. ಕಿಮೋನೋ ಮೇಲಿನ ಹೂಗಳೂ ಬಹುಪಾಲು ವಿನ್ಯಾಸವೇ. ಮೇಜಿ ಕಾಲದಲ್ಲಿ (1868–1912) ಕ್ಯೋಟೋದ ಬಟ್ಟೆ ವ್ಯಾಪಾರದ ಮನೆತನಗಳು ತಾಕೆಉಚಿ ಸೇಯ್ಹೋರಂಥ ಚಿತ್ರಕಾರರಿಂದ ಚಿತ್ರ ಬರೆಸಿ, 1893ರ ಶಿಕಾಗೊ, 1900ರ ಪ್ಯಾರಿಸ್ ಪ್ರದರ್ಶನಗಳ ಹೊತ್ತಿಗೆ ರೇಷ್ಮೆಯಲ್ಲಿ ಚಿತ್ರವನ್ನೇ ಬರೆಯುವ ಮಟ್ಟ ಮುಟ್ಟಿದವು. ಅಂಥ ಕೆಲವನ್ನು ಕ್ಯೋಟೋದ ಕಿಯೋಮಿಜು ಸನ್ನೆನ್‌ಜಾಕಾ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಹೋದವರು ನೇರ ನಿಂತು ನೋಡಿ ಬರಬೇಡಿ, ಗಾಜಿನ ಮುಂದೆ ಎಡಕ್ಕೂ ಬಲಕ್ಕೂ ನಡೆಯಿರಿ. ಹಕ್ಕಿಯ ರೆಕ್ಕೆ, ಹೂವಿನ ಎಸಳು ನಿಮ್ಮ ಜೊತೆಗೇ ಬೆಳಕು ಬದಲಿಸುತ್ತವೆ. ಕ್ಯೋ-ನುಯಿ ಎಂಬ ಹೆಸರಿನಲ್ಲಿ ಕ್ಯೋಟೋದ ಕಸೂತಿಗೆ 1976ರಲ್ಲಿ, ಕನಜಾವಾದ ಕಾಗಾ-ನುಯಿಗೆ 1991ರಲ್ಲಿ ಅಲ್ಲಿನ ಸರ್ಕಾರದಿಂದ ಸಾಂಪ್ರದಾಯಿಕ ಕರಕುಶಲದ ಮಾನ್ಯತೆ ಸಿಕ್ಕಿದೆ.

ಮುಗಿಸುವ ಕೆಲಸ

ಚೌಕಟ್ಟಿನಿಂದ ಬಿಚ್ಚುವ ಮುನ್ನ ಮೃದು ಬ್ರಷ್‌ನಿಂದ ದೂಳು ತೆಗೆಯಿರಿ. ಚೌಕಟ್ಟು ಮಗುಚಿ, ಹಿಂಬದಿಯ ದಾರಗಳ ಮೇಲೆ ಮಾತ್ರ ತೆಳು ಗಂಜಿ ಬೆರಳಿನಿಂದ ಹಚ್ಚಿ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗಂಜಿ ನೀರಾಗಿದ್ದರೆ ಮುಂಬದಿಗೆ ಜಿನುಗಿ ಹೊಳಪು ಸಾಯುತ್ತದೆ, ಮೊಸರಿನಷ್ಟು ಗಟ್ಟಿ ಇರಲಿ. ಬಳಿಕ ಒದ್ದೆ ಬಟ್ಟೆಯ ಮೂಲಕ ಇಸ್ತ್ರಿಪೆಟ್ಟಿಗೆಯ ಹಬೆ ಕೊಡಿ, ಕಸೂತಿಗೆ ಇಸ್ತ್ರಿ ತಾಗಿಸಬೇಡಿ. ಪೂರ್ತಿ ಒಣಗುವವರೆಗೆ ಚೌಕಟ್ಟಿನಲ್ಲೇ ಇರಲಿ. ಕರಾವಳಿ, ಮಲೆನಾಡಿನವರು ಈ ಹಂತವನ್ನು ಮಳೆಗಾಲ ಕಳೆದ ಮೇಲೆ ಮಾಡಿ. ಒಣಗದ ಗಂಜಿಗೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಹುಳು ಬರುತ್ತದೆ.

ಗಾಜು ಹಾಕಿಸುವಾಗ ಅದು ಹೊಲಿಗೆಗೆ ತಾಗದಂತೆ ಅಂತರ ಕೊಡಿಸಿ. ತೂಗುಹಾಕುವ ಜಾಗದಲ್ಲಿ ನೇರ ಬಿಸಿಲು ಬೀಳಬಾರದು, ರೇಷ್ಮೆಯ ಕೆಂಪು ಬೇಗ ಮಾಸುತ್ತದೆ. ಬೆಳಕು ಮಾತ್ರ ಒಂದು ಪಕ್ಕದಿಂದ ಬರಲಿ. ಹೊಲಿಯುವಾಗ ಕಿಟಕಿ ಎಡಕ್ಕಿದ್ದರೆ ಗೋಡೆಯ ಮೇಲೂ ಬೆಳಕು ಎಡದಿಂದಲೇ ಬೀಳಬೇಕು. ನೀವು ನೆರಳೆಂದು ಹೊಲಿದ ಎಸಳು ಅಲ್ಲಿ ನೆರಳಾಗಿಯೇ ಉಳಿಯುತ್ತದೆ.